ಬಿತ್ತಿದ್ದನ್ನೇ ಬೆಳೆಯುವ ಯಂತ್ರ

"ಅಪ್ಪಾ, ಕಂಪ್ಯೂಟರಿಗೂ ಭೇದಭಾವ ಇರತ್ತಾ?" ಮೊನ್ನೆ ಊಟದ ಹೊತ್ತಿನಲ್ಲಿ ಮಗಳು ಕೇಳಿದಳು. "ಇಲ್ಲ ಪುಟ್ಟಿ, ಅದು ಬರೀ ಯಂತ್ರ" ಎನ್ನಲು ಹೊರಟವನು ಅಲ್ಲಿಗೇ ತಡೆದೆ. ಇಷ್ಟು ವರ್ಷ ಸಾಫ್ಟ್‌ವೇರ್ ಬರೆದವನಿಗೆ ಹಾಗೆ ಹೇಳಲು ಧೈರ್ಯ ಬರಲಿಲ್ಲ.

ಸಾಮಾನ್ಯ ಸಾಫ್ಟ್‌ವೇರಿನಲ್ಲಿ ನಿಯಮಗಳನ್ನು ನಾವೇ ಬರೆಯುತ್ತೇವೆ. ಇಂದಿನ ಕೃತಕ ಬುದ್ಧಿಮತ್ತೆಗಾದರೋ ಲಕ್ಷಗಟ್ಟಲೆ ಉದಾಹರಣೆಗಳನ್ನು ತೋರಿಸುತ್ತೇವೆ. ನಿಯಮವನ್ನು ಅದೇ ಹುಡುಕಿಕೊಳ್ಳುತ್ತದೆ.

ಇದರಿಂದ ಉಪಕಾರವಿದೆ ಎಂಬುದರಲ್ಲಿ ಸಂದೇಹವಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಕೆಡುವುದನ್ನು ಗುರುತಿಸಲು ಗೂಗಲ್ ಸಂಶೋಧಕರು ಸುಮಾರು 1,28,000 ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಕಲಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಅಧ್ಯಯನಕ್ಕೆ ಚಿತ್ರಗಳನ್ನು ಒದಗಿಸಿದ ಆಸ್ಪತ್ರೆಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಪ್ರತಿಯೊಂದು ಚಿತ್ರವನ್ನೂ ಹಲವು ಕಣ್ಣಿನ ವೈದ್ಯರು ನೋಡಿ, ರೋಗ ಎಷ್ಟಿದೆ ಎಂದು ಗುರುತು ಹಾಕಿದ್ದರು. ಯಂತ್ರ ಕಲಿತದ್ದು ರೋಗವನ್ನೇ.

ಇನ್ನೊಂದು ಉದಾಹರಣೆ ನೋಡಿ. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸಲು ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ಸಾಫ್ಟ್‌ವೇರ್ ಒಂದನ್ನು ಸಂಶೋಧಕರು ಪರೀಕ್ಷಿಸಿ, 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಯಾರ ಮೈಬಣ್ಣವನ್ನೂ ತಿಳಿಸಿರಲಿಲ್ಲ. ಆದರೆ ರೋಗ ಎಷ್ಟಿದೆ ಎನ್ನುವುದರ ಬದಲು, ಚಿಕಿತ್ಸೆಗೆ ಖರ್ಚು ಎಷ್ಟಾಗುತ್ತದೆ ಎಂದು ಅಂದಾಜು ಮಾಡಲು ಕಲಿಸಿದ್ದರು. ಅಷ್ಟೇ ಕಾಯಿಲೆಯಿದ್ದರೂ ಕಪ್ಪು ಜನಾಂಗದವರ ಚಿಕಿತ್ಸೆಗೆ ಕಡಿಮೆ ಖರ್ಚಾಗುತ್ತಿತ್ತು. ಹಾಗಾಗಿ ಯಂತ್ರದ ಕಣ್ಣಿಗೆ ಅವರು ಆರೋಗ್ಯವಂತರಾಗಿ ಕಂಡರು! ಈ ದೋಷ ಸರಿಪಡಿಸಿದರೆ, ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತದೆ ಎಂದು ಲೆಕ್ಕ ಹಾಕಲಾಯಿತು.

ಇಲ್ಲಿ ಯಾರೂ ಬೇಕೆಂದು ಅನ್ಯಾಯ ಮಾಡಲಿಲ್ಲ. ಅಳೆಯಬೇಕಾದ್ದನ್ನು ಬಿಟ್ಟು, ಅಳೆಯಲು ಸುಲಭವಾದದ್ದನ್ನು ಅಳೆದರು, ಅಷ್ಟೆ.

ಓದುಗ ಮಿತ್ರರೇ, ನೆರವು ಕೋರಿ ಬರುವ ಅರ್ಜಿಗಳನ್ನು ನಮ್ಮಂಥ ಸೇವಾ ಸಂಸ್ಥೆಗಳೂ ನಾಳೆ ಯಂತ್ರಕ್ಕೆ ಒಪ್ಪಿಸಬಹುದು. ಹಳೆಯ ಕಡತಗಳಿಂದಷ್ಟೇ ಕಲಿತ ಯಂತ್ರಕ್ಕೆ, ಎಂದೂ ಅರ್ಜಿ ಹಾಕಲು ತಿಳಿಯದೇ ಹೋದ ಬಡವ ಕಾಣುವುದೇ ಇಲ್ಲ. ಆದ್ದರಿಂದ ಮೂರು ಪ್ರಶ್ನೆ ಕೇಳೋಣ: ಇದು ಯಾರನ್ನು ನೋಡಿ ಕಲಿತಿದೆ? ನಿಜವಾಗಿ ಏನನ್ನು ಅಳೆಯುತ್ತಿದೆ? ತಪ್ಪಾದರೆ ಉತ್ತರ ಕೊಡುವವರು ಯಾರು?

ಮಗಳಿಗೆ ಕೊನೆಗೆ ಹೇಳಿದ್ದಿಷ್ಟು: "ಭೇದಭಾವ ಯಂತ್ರಕ್ಕೆ ಹುಟ್ಟಿನಿಂದ ಬಂದದ್ದಲ್ಲ ಪುಟ್ಟಿ, ನಮ್ಮಿಂದ ಕಲಿತದ್ದು. ತಿದ್ದಬೇಕಾದವರೂ ನಾವೇ."