ಎನ್‌ಕೆ ಕೋಶದ ಡೆಬಿಟ್, ಕ್ರೆಡಿಟ್

ಮಂಗನ ಕಾಯಿಲೆ ನಮ್ಮ ಜಿಲ್ಲೆಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ವೈರಸ್ ಉಣುಗು ಕಚ್ಚಿದಾಗ ಮೈ ಸೇರುತ್ತದೆ. ಇದನ್ನು ನೇರವಾಗಿ ಕೊಲ್ಲುವ ಔಷಧಿಯಿಲ್ಲ.

ಭದ್ರಾವತಿಯ ನಮ್ಮ ಮಾಮು ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳನ್ನು ಚೇಣಿ ಹಿಡಿಯುತ್ತಾರೆ. ಕಳೆದ ಬೇಸಿಗೆಯಲ್ಲಿ ಅವರಿಗೆ ಜೋರು ಜ್ವರ ಬಂದು, ರಕ್ತಪರೀಕ್ಷೆಗೆ ಕೊಟ್ಟು, ಶಿವಮೊಗ್ಗದ ನಮ್ಮ ಮನೆಯಲ್ಲೇ ಮಲಗಿದ್ದರು. ಔಷಧಿ ಇಲ್ಲವೆಂದರೆ ಮೈಯೊಳಗೆ ಹೋರಾಡುವವರು ಯಾರು ಎಂದು ಕೇಳಿದರು. ವರದಿಯಲ್ಲಿ ಆ ವೈರಸ್ ಇರಲಿಲ್ಲ, ಅಲ್‌ಹಮ್ದುಲಿಲ್ಲಾ. ಕಾಮರ್ಸ್ ಓದುವ ನಾನು ಜೀವಶಾಸ್ತ್ರದ ಪುಸ್ತಕ ತೆರೆದದ್ದು ಆ ಪ್ರಶ್ನೆಯಿಂದ.

ಹೊಸ ವೈರಸ್‌ಗೆ ತಕ್ಕ ಟಿ ಕೋಶಗಳು, ಪ್ರತಿಕಾಯಗಳು ತಯಾರಾಗಲು ಸುಮಾರು ಒಂದು ವಾರ ಬೇಕು. ಅದಕ್ಕೂ ಮುಂಚೆಯೇ ಕೆಲಸಕ್ಕಿಳಿಯುವವರಲ್ಲಿ ನ್ಯಾಚುರಲ್ ಕಿಲ್ಲರ್, ಅಂದರೆ ಎನ್‌ಕೆ ಕೋಶಗಳೂ ಇವೆ. ನಮ್ಮ ಹೆಚ್ಚಿನ ಕೋಶಗಳ ಮೇಲೆ ಒಂದನೇ ವರ್ಗದ ಎಂಎಚ್‌ಸಿ ಎಂಬ ಪ್ರೋಟೀನ್ ಇರುತ್ತದೆ, ಕಾಲೇಜಿನ ಐಡಿ ಕಾರ್ಡ್ ಇದ್ದಂತೆ. ಅದನ್ನು ಕಂಡ ಎನ್‌ಕೆಗೆ ‘ಬಿಡು’ ಎಂಬ ಸಂಕೇತ ಸಿಗುತ್ತದೆ. ಟಿ ಕೋಶಗಳು ವೈರಸ್ಸಿನ ತುಣುಕನ್ನು ಗುರುತಿಸುವುದೂ ಇದೇ ಕಾರ್ಡಿನ ಮೇಲೆ. ಹಾಗಾಗಿ ಕೆಲವು ವೈರಸ್‌ಗಳು ಕಾರ್ಡನ್ನೇ ಅಡಗಿಸುತ್ತವೆ. ಟಿ ಕೋಶದಿಂದ ತಪ್ಪಿಸಿಕೊಂಡರೂ ಎನ್‌ಕೆ ಕೈಗೆ ಸಿಕ್ಕಿಬೀಳುತ್ತವೆ! 1980ರ ದಶಕದಲ್ಲಿ ಇದನ್ನು ವಿವರಿಸಿದವರು ಸ್ವೀಡನ್ನಿನ ಕ್ಲಾಸ್ ಕಾರೆ.

ಆದರೆ ಕಾರ್ಡ್ ಇಲ್ಲದಿರುವುದೊಂದೇ ಸಾಲದು. ಕೆಂಪು ರಕ್ತಕಣಗಳ ಮೇಲೆ ಆ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಎನ್‌ಕೆ ಅವನ್ನು ಮುಟ್ಟುವುದಿಲ್ಲ. ‘ಕೊಲ್ಲು’ ಎಂಬ ಸಂಕೇತವೂ ಬೇಕು. ಸೋಂಕಿನಿಂದ ಒತ್ತಡಕ್ಕೆ ಸಿಕ್ಕ ಕೋಶ ಕೆಲವು ಪ್ರೋಟೀನ್‌ಗಳನ್ನು ಮೈಮೇಲೆ ತರುತ್ತದೆ. ಎನ್‌ಕೆಯ ಎನ್‌ಕೆಜಿ2ಡಿ ಎಂಬ ಗ್ರಾಹಕ ಅವನ್ನು ಹಿಡಿಯುತ್ತದೆ. ಎರಡೂ ಬದಿ ಕೂಡಿಸಿ ಶಿಲ್ಕು ಯಾವ ಕಡೆ ಉಳಿಯಿತೋ ಅದೇ ತೀರ್ಮಾನ. (ಸೈನ್ಸ್ ವಿಭಾಗದವರು ನಗಬಹುದು, ನನಗೆ ಅರ್ಥವಾದದ್ದು ಹೀಗೆ.)

ಕೊಲ್ಲುವ ಕೆಲಸ ತುಂಬ ಅಚ್ಚುಕಟ್ಟು. ಎನ್‌ಕೆ ಗುರಿಕೋಶಕ್ಕೆ ಅಂಟಿಕೊಂಡು ತನ್ನೊಳಗಿನ ಸಣ್ಣ ಚೀಲಗಳನ್ನು ಆ ಬದಿಗೆ ತಂದು ಖಾಲಿ ಮಾಡುತ್ತದೆ. ಪರ್ಫೋರಿನ್ ಪೊರೆಯಲ್ಲಿ ತೂತು ಕೊರೆಯುತ್ತದೆ. ಗ್ರಾಂಜೈಮ್‌ಗಳು ಒಳಹೊಕ್ಕು, ಕೋಶ ತನ್ನನ್ನು ತಾನೇ ಕಳಚಿಕೊಳ್ಳುವಂತೆ ಮಾಡುತ್ತವೆ. ತುಂಡುಗಳನ್ನು ಬೇರೆ ಕೋಶಗಳು ನುಂಗುತ್ತವೆ.

ಮಂಗನ ಕಾಯಿಲೆಯ ವೈರಸ್ ಫ್ಲೇವಿವೈರಸ್ ಗುಂಪಿನದು. ಅದೇ ಗುಂಪಿನ ವೆಸ್ಟ್ ನೈಲ್ ವೈರಸ್ ಕಾರ್ಡನ್ನು ಅಡಗಿಸುವ ಬದಲು ಸೋಂಕಿತ ಕೋಶದ ಮೇಲೆ ಹೆಚ್ಚಿಸುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಆಗ ‘ಬಿಡು’ ಸಂಕೇತವೇ ಬಲವಾಗುತ್ತದೆ. ಎನ್‌ಕೆ ಇದೆಯೆಂದು ನಂಬಿ ಕೂರುವಂತಿಲ್ಲ. ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ, ಉಣುಗು ಕಚ್ಚುವುದನ್ನೇ ತಡೆಯಲು.