ಓಡುವ ವಸ್ತು, ಕಾಯುವ ಕಣ್ಣು

ಓಡುವ ಕುದುರೆಯ ನಾಲ್ಕು ಕಾಲುಗಳೂ ಏಕಕಾಲಕ್ಕೆ ನೆಲವನ್ನು ಬಿಡುವುವೇ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚೆಯ ವಿಷಯವಾಗಿದ್ದಿತು. ಬರಿಗಣ್ಣು ಇದನ್ನು ನಿರ್ಣಯಿಸಲಾರದು. 1878ರ ಜೂನ್ ತಿಂಗಳಿನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಕುದುರೆಯ ದಾರಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದನು. ಕುದುರೆಯು ದಾರವನ್ನು ತಾಕಿದಂತೆಲ್ಲ ಆಯಾ ಕ್ಯಾಮೆರಾದ ಷಟರು ತೆರೆದು ಮುಚ್ಚಿತು. ನಾಲ್ಕು ಕಾಲುಗಳೂ ನೆಲ ಬಿಡುವುದು ಸಿದ್ಧವಾಯಿತು. ಇಲ್ಲಿ ಚಿತ್ರದ ಕ್ಷಣವನ್ನು ನಿರ್ಧರಿಸಿದುದು ಛಾಯಾಗ್ರಾಹಕನ ಕೈಯಲ್ಲ, ಓಡುವ ವಸ್ತುವೇ.

ಇಂದಿನ ಕಾರ್ಖಾನೆಯ ಕ್ಯಾಮೆರಾದಲ್ಲಿಯೂ ಇದೇ ತತ್ತ್ವವಿದೆ. ಚಲಿಸುವ ಪಟ್ಟಿಯ ಮೇಲೆ ಸಾಗುವ ಔಷಧದ ಸೀಸೆಗಳ ಮುಚ್ಚಳವನ್ನು ಪರೀಕ್ಷಿಸಬೇಕಾಗಿದೆ ಎನ್ನೋಣ. ದಾರದ ಸ್ಥಾನದಲ್ಲಿ ಇಲ್ಲಿ ಬೆಳಕಿನ ಕಿರಣವಿರುತ್ತದೆ. ಸೀಸೆಯು ಕಿರಣವನ್ನು ತಡೆದೊಡನೆ ಸಂವೇದಕವು ಕ್ಯಾಮೆರಾಕ್ಕೆ ವಿದ್ಯುತ್ ಸ್ಪಂದವೊಂದನ್ನು ಕಳುಹಿಸುತ್ತದೆ. ಇದಕ್ಕೆ ಬಾಹ್ಯ ಟ್ರಿಗರ್ ಎಂದು ಹೆಸರು.

ಈ ಸಂಕೇತದ ಬಳಕೆ ಮುಖ್ಯವಾಗಿ ಎರಡು ವಿಧ. ಮೊದಲನೆಯದರಲ್ಲಿ ಸ್ಪಂದವು ಆರಂಭವನ್ನು ಮಾತ್ರ ಸೂಚಿಸುತ್ತದೆ. ಬೆಳಕಿಗೆ ಒಡ್ಡುವ ಅವಧಿಯು ಕ್ಯಾಮೆರಾದಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಎರಡನೆಯದರಲ್ಲಿ ಸ್ಪಂದವು ಇರುವಷ್ಟು ಹೊತ್ತೂ ಕ್ಯಾಮೆರಾವು ಬೆಳಕನ್ನು ಗ್ರಹಿಸುತ್ತದೆ.

ಅವಧಿಯನ್ನು ಲೆಕ್ಕದಿಂದಲೇ ಆರಿಸಬೇಕು. ಪಟ್ಟಿಯ ವೇಗ ಸೆಕೆಂಡಿಗೆ 1 ಮೀಟರ್ ಇದ್ದು, ಅವಧಿ 10 ಮಿಲಿಸೆಕೆಂಡು ಆದರೆ, ಅಷ್ಟರಲ್ಲಿ ಸೀಸೆಯು 10 ಮಿಲಿಮೀಟರ್ ಸರಿದು ಚಿತ್ರವು ಮಸಕಾಗುವುದು. ಅವಧಿಯನ್ನು 0.1 ಮಿಲಿಸೆಕೆಂಡಿಗೆ ಇಳಿಸಿದರೆ ಮಸಕು 0.1 ಮಿಲಿಮೀಟರಿಗೆ ಇಳಿಯುವುದು. ಆದರೆ ಒಳಬರುವ ಬೆಳಕೂ ನೂರರಲ್ಲೊಂದು ಪಾಲಾಗುವುದು. ಆದುದರಿಂದ ಅದೇ ಕ್ಷಣಕ್ಕೆ ಪ್ರಖರವಾದ ದೀಪವೊಂದು ಮಿಂಚುವಂತೆ ಏರ್ಪಡಿಸುತ್ತಾರೆ.

ಕಿರಣವು ಕ್ಯಾಮೆರಾಕ್ಕಿಂತ 200 ಮಿಲಿಮೀಟರ್ ಹಿಂದೆ ಇದ್ದರೆ ಸಂಕೇತವನ್ನು 0.2 ಸೆಕೆಂಡು ತಡೆಹಿಡಿಯಬೇಕು. ಆದರೆ ಪಟ್ಟಿಯ ವೇಗ ಅರ್ಧಕ್ಕೆ ಇಳಿದಾಗ ಸೀಸೆಯು ಅಷ್ಟರಲ್ಲಿ 100 ಮಿಲಿಮೀಟರ್ ಮಾತ್ರ ಸಾಗಿರುತ್ತದೆ. ಕ್ಯಾಮೆರಾವು ಬರಿಯ ಪಟ್ಟಿಯನ್ನು ಚಿತ್ರಿಸುವುದು. ವೇಗ ಬದಲಾಗುವ ಕಡೆ ಕಾಲವನ್ನಲ್ಲದೆ ದೂರವನ್ನು ಅಳೆಯುವ ಎನ್‌ಕೋಡರನ್ನು ಬಳಸುವುದು ಈ ಕಾರಣದಿಂದಲೇ.

ಇನ್ನೂ ಒಂದು ಎಚ್ಚರಿಕೆಯುಂಟು. ಹಿಂದಿನ ಚಿತ್ರದ ಕೆಲಸ ಮುಗಿಯುವ ಮುನ್ನವೇ ಬಂದ ಸಂಕೇತವನ್ನು ಕ್ಯಾಮೆರಾವು ಕೈಬಿಡಬಹುದು. ಆಗ ಒಂದು ಸೀಸೆಯು ಪರೀಕ್ಷೆಯಿಲ್ಲದೆ ಮುಂದೆ ಸಾಗಿ ರೋಗಿಯ ಕೈಸೇರುವುದು. ಆದುದರಿಂದ ಬಂದ ಸಂಕೇತಗಳ ಸಂಖ್ಯೆಯನ್ನು ತೆಗೆದ ಚಿತ್ರಗಳ ಸಂಖ್ಯೆಯೊಡನೆ ತಾಳೆ ನೋಡುವುದು ಅವಶ್ಯಕ. ಯಂತ್ರವು ತನಗೆ ಹೇಳಿದ ಕ್ಷಣದಲ್ಲಿ ಮಾತ್ರ ಕಣ್ಣು ತೆರೆಯಬಲ್ಲುದು. ಆ ಕ್ಷಣವನ್ನು ತಪ್ಪಿಲ್ಲದೆ ಹೇಳುವ ಹೊಣೆ ಮನುಷ್ಯನದೇ ಆಗಿದೆ.