ಮರದ ಮೇಲಿನ ಸೀತಾಳೆಯನ್ನು ಗುರುತಿಸುವ ಕ್ರಮ

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂತಹ ಬಯಲುಸೀಮೆಯ ಊರುಗಳಲ್ಲಿ ಮಾವಿನ ಕೊಂಬೆಗಳನ್ನಪ್ಪಿ ಬೆಳೆಯುವ ಸೀತಾಳೆಯನ್ನು ಬದನಿಕೆಯೆಂದು ಭ್ರಮಿಸಿ ಕಿತ್ತೆಸೆಯುವುದುಂಟು. ಬದನಿಕೆಯು ಕೊಂಬೆಯೊಳಕ್ಕೆ ಬೇರಿಳಿಸಿ ಮರದ ರಸವನ್ನು ಹೀರುವುದು. ಸೀತಾಳೆಯ ದಪ್ಪನಾದ ಬಿಳಿಯ ಬೇರುಗಳಾದರೋ ತೊಗಟೆಯ ಮೇಲೆಯೇ ಹರಡಿ ಮಳೆಮಂಜುಗಳ ನೀರನ್ನು ಮಾತ್ರ ಹೀರುವುವು.

ಬರಿಯ ಎಲೆಯಿಂದ ಸೀತಾಳೆಯ ಜಾತಿಯನ್ನು ನಿರ್ಣಯಿಸುವುದು ಕಷ್ಟ. ಮೊಗ್ಗು ಅರಳುವವರೆಗೆ ಕಾಯಬೇಕು. ಹಳದಿಮಿಶ್ರ ಹಸುರು ದಳಗಳಲ್ಲಿ ಕಂದುಬಣ್ಣದ ಚೌಕುಳಿ ಗೆರೆಗಳೂ, ತುಟಿಯಂತೆ ಚಾಚಿದ ದಳದಲ್ಲಿ ನೇರಿಳೆಯ ಛಾಯೆಯೂ, ಸುವಾಸನೆಯೂ ಇದ್ದರೆ ಅದು ವಾಂಡಾ ಟೆಸ್ಸೆಲ್ಲಾಟಾ. ಹೂಗಳು ಚಿಕ್ಕವಾಗಿದ್ದು, ಹಳದಿಯ ಮೇಲೆ ಕೆಂಗಂದು ಅಡ್ಡಪಟ್ಟೆಗಳೂ ಬಿಳಿಯ ತುಟಿಯೂ ಇದ್ದರೆ ಅಕಾಂಪೆ ಪ್ರೆಮೋರ್ಸಾ.

ಆದುದರಿಂದ ಕತ್ತಿಯೆತ್ತುವ ಮೊದಲು ಬೇರನ್ನು ಪರೀಕ್ಷಿಸಬೇಕು. ಬದನಿಕೆಯಾದರೆ, ಹಕ್ಕಿಗಳು ಅದರ ಬೀಜವನ್ನು ಹರಡುವುದರಿಂದ, ಹಣ್ಣಾಗುವ ಮೊದಲೇ ಕೊಂಬೆಸಹಿತ ಕಡಿಯತಕ್ಕದ್ದು. ಸೀತಾಳೆಯನ್ನು ಇದ್ದಲ್ಲಿಯೇ ಬಿಡತಕ್ಕದ್ದು.